ಹಿರಿಯ ತಂಡದ ಜಾನಪದ ರಾಕ್ ಆಲ್ಬಂ: ಧ್ವನಿಮುದ್ರಣಕ್ಕೆ ಸಿದ್ಧರಾಗುವುದು ಹೇಗೆ?

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ದಶಕಗಳಿಂದ ಹಾಡುತ್ತ ಬಂದ ತಂಡವೊಂದು ಗಿಟಾರ್, ಡ್ರಮ್ಸ್ ನುಡಿಸುವವರೊಂದಿಗೆ ಸೇರಿ ಸ್ಟುಡಿಯೊ ಆಲ್ಬಂ ಮಾಡಹೊರಟಾಗ, ಯಾರು ಯಾರನ್ನು ಅನುಸರಿಸಬೇಕು ಎಂಬುದು ಮೊದಲೇ ಇತ್ಯರ್ಥವಾಗಬೇಕು. ಹಿರಿಯರ ನಡೆಯನ್ನು ರಾಕ್ ವಾದ್ಯಗಳೇ ಅನುಸರಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಸಾಹಿತ್ಯವನ್ನು ಹಾಡುವವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ. ಸಂತಕವಿ ಕೈವಾರ ತಾತಯ್ಯನವರ ತತ್ವಪದಗಳು ಕನ್ನಡ, ತೆಲುಗು ಎರಡರಲ್ಲೂ ಇರುವುದರಿಂದ, ತೆಲುಗಿನವನ್ನೂ ಕನ್ನಡ ಲಿಪಿಯಲ್ಲಿ ಬರೆದುಕೊಟ್ಟರೆ ಗಿಟಾರ್ ವಾದಕರಿಗೆ ಎಲ್ಲಿ ತಡೆಯಬೇಕೆಂಬುದು ತಿಳಿಯುತ್ತದೆ. ಹಾಡು ಉದ್ದವಾಯಿತೆಂದು ಕೊನೆಯ ಚರಣವನ್ನು ಕೈಬಿಡುವವರಿದ್ದಾರೆ. ಕವಿಯ ಅಂಕಿತ, ಅಂದರೆ ಹಾಡಿನಲ್ಲೇ ಸೇರಿಸಿದ ಗುರುತಿನ ಹೆಸರು, ಇರುವುದು ಅಲ್ಲಿಯೇ ಆದ್ದರಿಂದ ಅದು ದೊಡ್ಡ ಅನ್ಯಾಯ. ಇಂಗ್ಲೆಂಡಿನ ಫೇರ್‌ಪೋರ್ಟ್ ಕನ್ವೆನ್ಷನ್ ತಂಡವು 1969ರಲ್ಲಿ ಹಳೆಯ ಕಥನಗೀತೆಯೊಂದನ್ನು ಎಲೆಕ್ಟ್ರಿಕ್ ಗಿಟಾರಿಗೆ ಅಳವಡಿಸಿದಾಗ, ಕಥೆ ಮುಗಿದ ಮೇಲೆಯೇ ದೀರ್ಘ ವಾದ್ಯಭಾಗವನ್ನು ಇರಿಸಿತು. ನಮ್ಮ ಕಥನಪದಗಳಿಗೂ ಆ ಕ್ರಮ ಚೆನ್ನಾಗಿ ಹೊಂದುತ್ತದೆ.

ಶ್ರುತಿಯನ್ನು ಮುಖ್ಯ ಹಾಡುಗಾರರು ನಿರ್ಧರಿಸಲಿ, ಗಿಟಾರ್ ಅದಕ್ಕೆ ಹೊಂದಿಕೊಳ್ಳಲಿ. ವಯಸ್ಸಾದ ಕಂಠ ಸ್ವರದಿಂದ ಸ್ವರಕ್ಕೆ ಜಾರುವುದು ದೋಷವಲ್ಲ. ಪಿಚ್ ತಿದ್ದುವ ಸಾಫ್ಟ್‌ವೇರನ್ನು ಅದರ ಹತ್ತಿರಕ್ಕೂ ತರಬಾರದು. ಹಾಗೆಯೇ ಕ್ಲಿಕ್ ಟ್ರ್ಯಾಕ್, ಅಂದರೆ ಒಂದೇ ವೇಗದಲ್ಲಿ ಟಕಟಕ ಎನ್ನುವ ತಾಳದ ಸದ್ದು, ಕಿವಿಗೆ ಹಾಕಿ ಹಾಡಿಸಬೇಡಿ. ಪಲ್ಲವಿ ಮರಳಿದಾಗಲೆಲ್ಲ ಲಯ ಕೊಂಚ ಬಿರುಸಾಗುವುದು ಈ ಹಾಡಿಕೆಯ ಜೀವ. ತಂಡವನ್ನು ಒಂದೇ ಕೋಣೆಯಲ್ಲಿ, ಒಬ್ಬರಿಗೊಬ್ಬರು ಕಾಣುವಂತೆ ನಿಲ್ಲಿಸಿ ಇಡೀ ಹಾಡನ್ನು ಮುದ್ರಿಸಿಕೊಂಡು, ಅದರಿಂದಲೇ ಲಯ ಎಲ್ಲೆಲ್ಲಿ ಎಷ್ಟು ವೇಗ ಎಂದು ಗುರುತಿಸುವ ಟೆಂಪೊ ನಕ್ಷೆ ತಯಾರಿಸಿ, ಬೇಸ್ ಮತ್ತು ಗಿಟಾರನ್ನು ಆಮೇಲೆ ಸೇರಿಸಿ.

ಹೆಚ್ಚು ಹೊತ್ತು ಬೇಡುವುದು ತಮಟೆ. ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರ ತಮಟೆಗೆ 2023ರಲ್ಲಿ ಪದ್ಮಶ್ರೀ ಸಂದ ಜಿಲ್ಲೆಯಲ್ಲಿ ಅದನ್ನು ಹಿನ್ನೆಲೆಯ ಅಲಂಕಾರವಾಗಿ ಬಳಸುವುದು ಸರಿಯಲ್ಲ. ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸಿದಾಗ ಅದು ಬಿಗಿದು ನಾದ ಏರುತ್ತದೆ, ಆರುತ್ತಿದ್ದಂತೆ ಇಳಿಯುತ್ತದೆ. ಆದ್ದರಿಂದ ಸ್ಟುಡಿಯೊ ಗೊತ್ತುಮಾಡುವಾಗಲೇ ಹೊರಗೆ ಹುಲ್ಲು ಉರಿಸಲು ಜಾಗವಿದೆಯೇ ಎಂದು ಕೇಳಿಕೊಳ್ಳಿ. ಎರಡು ತಮಟೆಗಳಿದ್ದರೆ ಒಂದು ನುಡಿಯುವಾಗ ಇನ್ನೊಂದನ್ನು ಕಾಯಿಸಬಹುದು. ದಪ್ಪ ಕೋಲಿನ ಪೆಟ್ಟಿನ ನಡುವೆ ತೆಳ್ಳನೆಯ ಕಡ್ಡಿ ಮಾಡುವ ಚಿಟಚಿಟ ಸದ್ದು ಉಳಿಯಬೇಕಾದರೆ ಮೈಕನ್ನು ಚರ್ಮಕ್ಕೆ ಅಂಟಿಸಿದಂತೆ ಇಡದೆ, ಎರಡು ಅಡಿಯಷ್ಟು ದೂರದಲ್ಲಿ, ಜೋರು ಸದ್ದು ತಡೆಯುವ ಡೈನಮಿಕ್ ಮೈಕನ್ನೇ ಇಡಿ. ಡ್ರಮ್ಸ್ ಸೆಟ್ಟಿನ ಸ್ನೇರ್ (ಚುರುಕು ಸದ್ದಿನ ಚಿಕ್ಕ ಡ್ರಮ್) ಮತ್ತು ಹೈಹ್ಯಾಟ್ (ಜೋಡಿ ತಾಳದ ತಟ್ಟೆ) ನಾದ ತಮಟೆಯ ನಾದದ ಮೇಲೆಯೇ ಬಂದು ಕೂರುವುದರಿಂದ, ಡ್ರಮ್ಸ್ ವಾದಕರು ಅಂಥ ಕಡೆ ಕಾಲಿನಿಂದ ಬಾರಿಸುವ ಕಿಕ್ ಡ್ರಮ್ಮಿಗಷ್ಟೇ ತೃಪ್ತಿಪಡಬೇಕಾಗುತ್ತದೆ.

ಡಿಜಿಟಲ್ ಗುಣಮಟ್ಟದ ಮಟ್ಟಿಗೆ 24 ಬಿಟ್, 48 ಕಿಲೊಹರ್ಟ್ಸ್ ಮುದ್ರಣ ಸಾಕು. ಮೂಲ ಕಡತಗಳ ಒಂದು ಪ್ರತಿ ತಂಡದ ಬಳಿಯೂ ಇರಲಿ.

ಒಪ್ಪಂದವನ್ನು ಮುದ್ರಣಕ್ಕೆ ಮೊದಲೇ ಕನ್ನಡದಲ್ಲಿ ಬರೆದು, ಎಲ್ಲರೂ ಕುಳಿತಿರುವಾಗ ಗಟ್ಟಿಯಾಗಿ ಓದಿ ಹೇಳಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 38ನೇ ಕಲಂ ಹಾಡಿದವರಿಗೂ ನುಡಿಸಿದವರಿಗೂ 50 ವರ್ಷಗಳ ಹಕ್ಕು ಕೊಡುತ್ತದೆ. ಸೊಲ್ಲು ಹಿಡಿಯುವ ಹಿಮ್ಮೇಳದವರೂ ಅದರಲ್ಲಿ ಸೇರುತ್ತಾರೆ. ಆನ್‌ಲೈನ್ ವೇದಿಕೆಗಳಿಗೆ ವಿವರ ತುಂಬುವಾಗ ಅವರೆಲ್ಲರ ಹೆಸರು ಬರೆಯಿರಿ. ರಚನಕಾರರ ಜಾಗದಲ್ಲಿ ತತ್ವಪದಕ್ಕೆ ಕವಿಯ ಹೆಸರು, ಕರ್ತೃ ತಿಳಿಯದ ಪದಕ್ಕೆ 'ಸಾಂಪ್ರದಾಯಿಕ' ಎಂದಿರಲಿ. ವಾದ್ಯ ಸಂಯೋಜನೆ ಮಾಡಿದವರ ಹೆಸರು ವಾದ್ಯ ಸಂಯೋಜಕರ (ಅರೇಂಜರ್) ಜಾಗದಲ್ಲಷ್ಟೇ ಬರಬೇಕು.