ಗೇಮರ್‌ಗಳ ಹಾಲ್‌ನಲ್ಲಿ ಡೆಮೊ ಓಡಿಸಿದ್ದು: ನನ್ನ ಅನುಭವ

ಗೇಮಿಂಗ್ ಲ್ಯಾನ್ ಪಾರ್ಟಿಯಲ್ಲಿ (ಎಲ್ಲರೂ ಕಂಪ್ಯೂಟರ್ ತಂದು ಒಂದೇ ನೆಟ್‌ವರ್ಕಿನಲ್ಲಿ ಆಡುವ ಕೂಟ) ಡೆಮೊ ಕಾಂಪೊ, ಅಂದರೆ ಕೋಡ್‌ನಿಂದಲೇ ಓಡುವ ಚಿತ್ರ-ಸಂಗೀತದ ತುಣುಕುಗಳ ಸ್ಪರ್ಧೆ, ನಡೆಯಲ್ಲ ಅಂತ ನನಗೆ ಹೇಳಿದವರು ತುಂಬಾ ಜನ. ನಡೆಯುತ್ತದೆ. ಕಳೆದ ಸಲ ಕೌಂಟರ್-ಸ್ಟ್ರೈಕ್ ಆಡಲು ಬಂದ ಹುಡುಗರು ಹೆಡ್‌ಫೋನ್ ತೆಗೆದಿಟ್ಟು, ಕುರ್ಚಿ ಮೇಲೆ ನಿಂತು, ಜಿಎಲ್‌ಎಸ್‌ಎಲ್ (ಗ್ರಾಫಿಕ್ಸ್ ಕಾರ್ಡಿನ ಮೇಲೆ ಓಡುವ ಶೇಡರ್ ಎಂಬ ಸಣ್ಣ ಪ್ರೋಗ್ರಾಂ ಬರೆಯುವ ಭಾಷೆ) ಕೋಡ್ ನೋಡಿ ಶಿಳ್ಳೆ ಹೊಡೆದರು. ಅದಕ್ಕೇ ಬರೆಯುತ್ತಿದ್ದೇನೆ. ಶೇಡರ್ ಬರೆದು ಗೊತ್ತಿರುವವರಿಗೆ, ಒಂದೆರಡು ಲ್ಯಾನ್ ನಡೆಸಿ ಕೈ ಸುಟ್ಟುಕೊಂಡವರಿಗೆ ಇದು. ರೇಮಾರ್ಚಿಂಗ್ (ಕಿರಣವನ್ನು ಹೆಜ್ಜೆ ಹೆಜ್ಜೆಯಾಗಿ ಮುಂದೆ ಸರಿಸಿ ಚಿತ್ರ ಬಿಡಿಸುವ ವಿಧಾನ) ಬಗ್ಗೆ ಇಲ್ಲಿ ವಿವರವಾಗಿ ಹೇಳುವುದಿಲ್ಲ.

ನಾನಿರುವುದು ಫಿನ್ಲೆಂಡ್‌ನಲ್ಲಿ, ತಾಂಪೆರೆಗೆ ಹತ್ತಿರದ ಒಂದು ಸಣ್ಣ ಊರು. ಹೊಟ್ಟೆಪಾಡಿನ ಕೆಲಸ ಬೇರೆ, ಇದು ಹುಚ್ಚು. ಇಲ್ಲಿನ ಒಂದು ಗೆಳೆಯರ ಬಳಗ ವರ್ಷಕ್ಕೊಮ್ಮೆ ಶಾಲೆಯ ಜಿಮ್ ಹಾಲ್ ಬಾಡಿಗೆಗೆ ಹಿಡಿದು ಶುಕ್ರವಾರ ಸಂಜೆಯಿಂದ ಭಾನುವಾರದವರೆಗೆ ಪಾರ್ಟಿ ಮಾಡುತ್ತದೆ. ಹಳಬರು ಶುರು ಮಾಡಿದಾಗ ಅದು ಅಪ್ಪಟ ಡೆಮೊ ಪಾರ್ಟಿ, ಅಮಿಗಾ ಕಂಪ್ಯೂಟರಿನ ಕಾಲದ್ದು. ನಾನು ಸೇರುವ ಹೊತ್ತಿಗೆ ಹತ್ತರಲ್ಲಿ ಒಂಬತ್ತು ಜನ ಗೇಮರ್‌ಗಳೇ.

ಗೇಮರ್‌ಗಳು ಬಂದು ಎಲ್ಲ ಹಾಳು ಮಾಡಿದರು ಅಂತ ಹಳಬರು ಈಗಲೂ ಗೊಣಗುತ್ತಾರೆ. ನಮ್ಮ ಬಳಗದ ಲೆಕ್ಕಪತ್ರ ಬರೆಯುವವನು ನಾನು, ಅದನ್ನು ಒಪ್ಪುವುದಿಲ್ಲ. ಹಾಲ್ ಬಾಡಿಗೆ ಸುಮಾರು 1500 ಯೂರೊ. ಕರೆಂಟ್ ಬೋರ್ಡ್, ಕೇಬಲ್ಲು ಅಂತ ಇನ್ನೊಂದು 400. ದೊಡ್ಡ ಪ್ರೊಜೆಕ್ಟರ್, ಸೌಂಡ್ ಸಿಸ್ಟಮ್ ಸೇರಿ 600ರ ಆಸುಪಾಸು. ಇನ್ಶೂರೆನ್ಸ್ ಬೇರೆ. ಗೇಮರ್ ಒಬ್ಬ ಟೇಬಲ್ಲು, ಪ್ಲಗ್ಗು, ನೆಟ್‌ವರ್ಕ್ ಪೋರ್ಟ್ ಕೇಳುತ್ತಾನೆ, 35 ಯೂರೊ ಕೊಡುತ್ತಾನೆ. ಅಂಥವರು ತೊಂಬತ್ತು ಜನ ಬಂದರೆ ಹಾಲ್ ಉಳಿಯುತ್ತದೆ. ಡೆಮೊದವರು ಹತ್ತು ಹದಿನೈದು ಜನ, 15 ಯೂರೊದ ಟಿಕೆಟ್ ತಗೊಂಡು ಲ್ಯಾಪ್‌ಟಾಪ್ ಹಿಡಿದು ಮೂಲೆಯಲ್ಲಿ ಕೂರುತ್ತಾರೆ. ಬಾಡಿಗೆ ಯಾರು ಕಟ್ಟುತ್ತಿದ್ದಾರೆ ಅಂತ ಹೇಳಬೇಕಿಲ್ಲ ಅಲ್ವಾ?

ದೊಡ್ಡ ಪಾರ್ಟಿಗಳಲ್ಲೂ ಆಗಿದ್ದು ಇದೇ. 1991ರಲ್ಲಿ ಡೆನ್ಮಾರ್ಕ್‌ನಲ್ಲಿ 'ದಿ ಪಾರ್ಟಿ', 1992ರಲ್ಲಿ ನಾರ್ವೆಯ 'ದಿ ಗ್ಯಾದರಿಂಗ್', ಅದೇ ವರ್ಷ ಇಲ್ಲಿ 'ಅಸೆಂಬ್ಲಿ'. ಆಗ ಜನ ಬರುತ್ತಿದ್ದದ್ದು ಕಾಂಪೊ ನೋಡಲು, ಜೊತೆಗೆ ಫ್ಲಾಪಿ ಬದಲಾಯಿಸಿಕೊಳ್ಳಲು. ಇಂಟರ್ನೆಟ್ ಬಂದ ಮೇಲೆ ಡೆಮೊ ಮನೆಗೇ ಬಂತು, ಅಷ್ಟು ದೂರ ಹೋಗುವ ತುರ್ತು ಹೋಯಿತು. ಗೇಮರ್‌ಗಳದ್ದು ಉಲ್ಟಾ. 1993ರ ಕೊನೆಗೆ ಡೂಮ್, 1996ಕ್ಕೆ ಕ್ವೇಕ್. ಮೋಡೆಮ್‌ನಲ್ಲಿ ಪಿಂಗ್ (ಆಟದ ಸಂದೇಶ ಹೋಗಿ ಬರಲು ಹಿಡಿಯುವ ಹೊತ್ತು) ನೋಡಿದರೆ ಅಳು ಬರುತ್ತಿತ್ತು, ಸರಿಯಾಗಿ ಆಡಬೇಕಾದರೆ ಒಂದೇ ಹಾಲ್‌ನಲ್ಲಿ ಕೂರಬೇಕು. 3ಡಿ ಕಾರ್ಡ್ ಬಂದು ಆಟಗಳೇ ಡೆಮೊಗಿಂತ ಚೆಂದ ಕಾಣತೊಡಗಿದವು, ಅದೂ ಸೇರಿತು. 'ದಿ ಗ್ಯಾದರಿಂಗ್' ಹಾಮಾರ್ ಊರಿನ ದೊಡ್ಡ ಹಾಲ್‌ಗೆ ಹೋಯಿತು. 1994ರ ಚಳಿಗಾಲದ ಒಲಿಂಪಿಕ್ಸ್‌ಗೆ ಕಟ್ಟಿದ ಸ್ಕೇಟಿಂಗ್ ಹಾಲ್ ಅದು, ಐದು ಸಾವಿರದಷ್ಟು ಜನ ಕೂರುತ್ತಾರೆ. ಅಷ್ಟು ಡೆಮೊ ಕೋಡರ್‌ಗಳನ್ನು ಎಲ್ಲಿಂದ ತರುವುದು? 'ದಿ ಪಾರ್ಟಿ' 2002ಕ್ಕೆ ಮುಗಿಯಿತು. ಸ್ವೀಡನ್ನಿನ ಮಾಲುಂಗ್‌ನ ಶಾಲೆಯ ಕ್ಯಾಂಟೀನಿನಲ್ಲಿ 1994ರಲ್ಲಿ ಶುರುವಾದ 'ಡ್ರೀಮ್‌ಹ್ಯಾಕ್' ಹೆಸರು ಈಗ ಇ-ಸ್ಪೋರ್ಟ್ಸ್‌ನವರ ಬಾಯಲ್ಲೇ ಜಾಸ್ತಿ. ಡೆಮೊದವರು ಸುಮ್ನೆ ಬೈಯುತ್ತಾರೆ, ಅವರಲ್ಲೇ ಎಷ್ಟೋ ಜನ ಆಟದ ಕಂಪನಿ ಕಟ್ಟಿದರು. ಇಲ್ಲಿನ ರೆಮಿಡಿ ಕಂಪನಿ ಹುಟ್ಟಿದ್ದು ಫ್ಯೂಚರ್ ಕ್ರೂ ಎಂಬ ಡೆಮೊ ಗುಂಪಿನ ಹುಡುಗರಿಂದ.

ಜರ್ಮನ್ನರು ಮಾತ್ರ ಹಟ ಹಿಡಿದರು. ಬಿಂಗೆನ್‌ನ ಬ್ರೇಕ್‌ಪಾಯಿಂಟ್ 2010ರವರೆಗೆ, ಆಮೇಲೆ ಸಾರ್‌ಬ್ರೂಕನ್‌ನ ರಿವಿಷನ್, ಡೆಮೊಗಷ್ಟೇ. ಈಸ್ಟರ್ ರಜೆಯಲ್ಲಿ ಅಲ್ಲಿ ರಿವಿಷನ್, ಹಾಮಾರ್‌ನಲ್ಲಿ 'ದಿ ಗ್ಯಾದರಿಂಗ್'. ಇಡೀ ಯುರೋಪಿನಿಂದ ಜನ ಬಂದರೆ ಡೆಮೊಗಷ್ಟೇ ಪಾರ್ಟಿ ನಡೆಯುತ್ತದೆ. ನಮ್ಮಂಥ ಸಣ್ಣ ಊರಿಗೆ ಆಗದ ಮಾತು.

ಸರಿ, ನಮ್ಮ ಕಥೆ. ಮೊದಲ ವರ್ಷ ಹಳೇ ಪದ್ಧತಿಯಲ್ಲೇ ಶನಿವಾರ ಮಧ್ಯರಾತ್ರಿಗೆ ಕಾಂಪೊ ಇಟ್ಟೆವು. ಪರದೆ ಮೇಲೆ ಇಂಟ್ರೊ (ಫೈಲ್ ಗಾತ್ರಕ್ಕೆ ಮಿತಿಯಿರುವ ಪುಟ್ಟ ಡೆಮೊ) ಓಡುತ್ತಿದೆ, ಹಾಲ್ ತುಂಬ ಜನ, ತಲೆ ಎತ್ತಿದವರು ಹತ್ತು ಮಂದಿ, ಅದರಲ್ಲಿ ನಾಲ್ವರು ನಾವೇ. ಮರುವರ್ಷ ಹಳಬರ ಮಾತು ಕೇಳಿ ಕಾಂಪೊ ಹೊತ್ತಿಗೆ ಲೈಟ್ ಆರಿಸಿ ಸ್ವಿಚ್‌ನಿಂದ ನೆಟ್‌ವರ್ಕ್ ಕಿತ್ತೆವು. ದೇವರೇ! ರ‍್ಯಾಂಕ್ ಮ್ಯಾಚ್ ಮಧ್ಯೆ ಇದ್ದ ಹುಡುಗರು ದುಡ್ಡು ವಾಪಸ್ ಕೇಳಿದರು, ಕೆಲವರಿಗೆ ಕೊಟ್ಟೂ ಕೊಟ್ಟೆವು. ಮುಂದಿನ ಸಲ ಮೂವತ್ತರಷ್ಟು ಸೀಟು ಖಾಲಿ. ಆಮೇಲೆ 4ಕೆ ಇಂಟ್ರೊಗೆ, ಅಂದರೆ ಇಡೀ ಪ್ರೋಗ್ರಾಂ ನಾಲ್ಕು ಕಿಲೋಬೈಟ್‌ನಲ್ಲಿ ಮುಗಿಯುವ ಡೆಮೊಗೆ, 300 ಯೂರೊ ಬಹುಮಾನ ಇಟ್ಟೆವು, ಅರ್ಧ ನನ್ನ ಜೇಬಿನಿಂದ. ಬಂದದ್ದು ಮೂರೋ ನಾಲ್ಕೋ ಎಂಟ್ರಿ, ಎಲ್ಲ ಹೊರಗಿನವರದ್ದು, ಒಬ್ಬನಂತೂ ಬರಲೂ ಇಲ್ಲ, ಫೈಲ್ ಕಳಿಸಿ ಬಹುಮಾನ ತಗೊಂಡ.

ಶೇಡರ್ ಶೋಡೌನ್, ಅಂದರೆ ಇಬ್ಬರು ಎಲ್ಲರ ಮುಂದೆ ಪೈಪೋಟಿಯಲ್ಲಿ ಗಡುವಿನೊಳಗೆ ಶೇಡರ್ ಬರೆಯುವ ಪಂದ್ಯ, ಮಾಡೋಣ ಅಂದಾಗ ಎಲ್ಲರೂ ನಕ್ಕರು. ಎಸ್ಪೋದಲ್ಲಿರುವ ಮಂಗಳೂರಿನ ಗೆಳೆಯನೊಬ್ಬ, "ಮಾರಾಯಾ, ಅವರಿಗೆ ಹೆಡ್‌ಶಾಟ್ ಬೇಕು, ನಿನ್ನ ಸೈನ್ ಕೊಸೈನ್ ಯಾರಿಗೆ ಬೇಕು?" ಅಂದ. ಹಳಬರದ್ದು ಬೇರೆ ತಕರಾರು, ಇದು ಡೆಮೊ ಅಲ್ಲ ಸರ್ಕಸ್ ಅಂತ.

ನಾನು ಮಾಡಿದ್ದು ಇಷ್ಟೇ. ಗೇಮರ್‌ಗಳ ಕ್ರಮವನ್ನೇ ಎತ್ತಿಕೊಂಡೆ. ನಾಕೌಟ್ ಪಟ್ಟಿ, ಕೌಂಟ್‌ಡೌನ್, ಇಬ್ಬರ ಮುಖಕ್ಕೂ ವೆಬ್‌ಕ್ಯಾಮ್, ಇಬ್ಬರು ಕಮೆಂಟರಿಯವರು. ಸಮಯ, ಕೌಂಟರ್-ಸ್ಟ್ರೈಕ್ ಫೈನಲ್‌ಗೆ ಸ್ವಲ್ಪ ಮೊದಲು. ಆಗ ಹೇಗೂ ಎಲ್ಲರೂ ಪರದೆ ಕಡೆ ತಿರುಗಿ ಕೂತಿರುತ್ತಾರೆ, ಫೈನಲ್ ಯಾವತ್ತೂ ತಡವಾಗುತ್ತದೆ. ರಿವಿಷನ್‌ನಲ್ಲಿ ಒಂದು ಸುತ್ತಿಗೆ 25 ನಿಮಿಷ. ಇಲ್ಲಿ ಅಷ್ಟು ತಾಳ್ಮೆ ಯಾರಿಗೂ ಇಲ್ಲ, ಹನ್ನೆರಡಕ್ಕೆ ಇಳಿಸಿದೆ. ಅಷ್ಟರಲ್ಲಿ ಏನೂ ಬರೆಯಲು ಆಗಲ್ಲ, ಅದಕ್ಕೆ ಬೊನ್ಜೊಮ್ಯಾಟಿಕ್‌ನಲ್ಲಿ (ಶೇಡರ್ ಬರೆಯುತ್ತಲೇ ಓಡಿಸಿ ತೋರಿಸುವ ಸಾಫ್ಟ್‌ವೇರ್) ಕ್ಯಾಮೆರಾ, ರೇಮಾರ್ಚಿಂಗ್ ಲೂಪು, ಒಂದು ಗೋಲ ಮೊದಲೇ ಬರೆದಿಟ್ಟ ಕೋಡಿನ ಅಸ್ಥಿಪಂಜರ ಕೊಟ್ಟೆ. ಆ ಅಸ್ಥಿಪಂಜರದಲ್ಲಿ ಇನ್ನೆರಡು ಸಾಲು ಇವೆ, ಯಾರು ಏನೇ ತಪ್ಪು ಬರೆದರೂ ಬಣ್ಣ ಕೊಳಕಾಗದ ಹಾಗೆ. ಅದು ನಮ್ಮಲ್ಲೇ ಇರಲಿ.

ಮೊದಲ ಸುತ್ತಿನ ಮೊದಲ ಎರಡು ಮೂರು ನಿಮಿಷ ಹಾಲ್ ತಣ್ಣಗಿತ್ತು. ಪರದೆ ಮೇಲೆ ಬೂದು ಗೋಲ, ಅದರ ಮೇಲೆ ಕೋಡ್. ಎಡಗಡೆ ಕೂತ ಹುಡುಗ ಎಫ್‌ಎಫ್‌ಟಿಯ (ಹಾಡಿನ ಬಾಸ್, ಟ್ರೆಬಲ್ ಬೇರೆ ಮಾಡುವ ಲೆಕ್ಕ) ಬಾಸ್ ತೆಗೆದು ಗೋಲದ ವ್ಯಾಸಕ್ಕೆ ಸೇರಿಸಿದ, ಕೋಡ್ ಓಡಿಸುವ ಎಫ್5 ಒತ್ತಿದ. ಗೋಲ ಡ್ರಮ್ಮಿಗೆ ಸರಿಯಾಗಿ ಉಬ್ಬತೊಡಗಿತು. ಅಲ್ಲಲ್ಲಿ ತಲೆ ಎದ್ದವು. ಬಲಗಡೆಯವನು ಮಾಡ್ಯುಲೋ (ಒಂದೇ ಆಕಾರವನ್ನು ಮತ್ತೆ ಮತ್ತೆ ಮರುಕಳಿಸುವ ಶೇಷದ ಲೆಕ್ಕ) ಹಾಕಿ ಒಂದು ಸಾಲು ಬರೆದ, ಕಂಪೈಲ್ ಆಗಲಿಲ್ಲ, ಸೆಮಿಕೋಲನ್ ಇಲ್ಲ, ಕೆಂಪು ಎರರ್. ಕಮೆಂಟರಿಯವನು ಅದನ್ನೇ ಹಿಡಿದು ಕೂಗಿದ, ಜನ ಕೂಡ "ಸೆಮಿಕೋಲನ್" ಅಂತ ಕೂಗಿದರು. ಹಾಕಿದ. ಒಂದು ಗೋಲ ಇದ್ದದ್ದು ಕಣ್ಣು ಹಾಯುವಷ್ಟು ದೂರ ಸಾವಿರಾರು ಗೋಲ. ಆಗ ಬಂದ ಗದ್ದಲ ನಮ್ಮ ಯಾವ ಫೈನಲ್‌ಗೂ ಬಂದಿರಲಿಲ್ಲ. ಜಂಬ ಅಂದುಕೊಂಡರೆ ಅಂದುಕೊಳ್ಳಿ.

ಅರ್ಧ ಗೆಲುವು ಕಮೆಂಟರಿಯದ್ದು. ಒಬ್ಬನಿಗೆ ಶೇಡರ್ ಪೂರ್ತಿ ಗೊತ್ತಿರಬೇಕು, ಇನ್ನೊಬ್ಬನಿಗೆ ಏನೂ ಗೊತ್ತಿರಬಾರದು, ಬಾಯಿ ಮಾತ್ರ ಜೋರಿರಬೇಕು. ತಾಳಮದ್ದಲೆಯಲ್ಲಿ ಇಬ್ಬರು ಅರ್ಥಧಾರಿಗಳು ಒಬ್ಬರನ್ನೊಬ್ಬರು ಕೆಣಕುತ್ತಾರಲ್ಲ, ಹಾಗೆ. ಆ ಎರಡನೆಯವನ ಜಾಗಕ್ಕೆ ಮಂಗಳೂರಿನವನನ್ನೇ ಕೂರಿಸಿದೆ. ಶೇಡರ್ ಗೆದ್ದದ್ದಲ್ಲ, ತನ್ನ ಮಾತು ಗೆದ್ದದ್ದು ಅನ್ನುತ್ತಾನೆ ಈಗಲೂ.

ಮತದಾನ ಚಪ್ಪಾಳೆಯಿಂದ. ಫೋನಿನಲ್ಲಿ ಡೆಸಿಬೆಲ್ ಅಳೆದೆವು. ಆದರೆ ಹತ್ತು ಜನರ ಕ್ಲ್ಯಾನ್ (ಆಟದ ತಂಡ) ಇರುವವನೇ ಗೆಲ್ಲುತ್ತಿದ್ದ. ಸರಿಮಾಡಿದ್ದೇವೆ, ಹೇಗೆ ಅಂತ ಬಂದು ನೋಡಿ.

ಕರೆಂಟ್ ವಿಷಯ ಹೇಳಲೇಬೇಕು. 16 ಆಂಪ್ ಫ್ಯೂಸ್, 230 ವೋಲ್ಟ್, ಅಂದರೆ 3680 ವಾಟ್. ಗೇಮಿಂಗ್ ಪಿಸಿ, ಮಾನಿಟರ್ ಸೇರಿ 450 ಅಂತ ಹಿಡಿದರೆ ಒಂದು ಫ್ಯೂಸಿಗೆ ಎಂಟೇ ಜನ. ಫಿನ್ಲೆಂಡಿನವರಿಗೆ ಕಾಫಿ ಇಲ್ಲದೆ ಅರ್ಧ ಗಂಟೆ ಕಳೆಯಲ್ಲ. ಯಾರೋ ಪುಣ್ಯಾತ್ಮ ಕಾಫಿ ಮೇಕರ್ ತಂದು ಕಾಂಪೊ ಮೆಷಿನ್ ಇದ್ದ ಲೈನಿಗೇ ಚುಚ್ಚಿದ್ದ. ಸೆಮಿಫೈನಲ್ ಮಧ್ಯೆ ಎಲ್ಲ ಕತ್ತಲು. ಈಗ ಕಾಂಪೊ ಮೆಷಿನ್ನಿಗೆ ಯುಪಿಎಸ್, ಕಾಫಿಗೆ ಅಡುಗೆಮನೆಯ ಪ್ಲಗ್.

ಮಧ್ಯೆ ಇನ್ನೊಂದು ಹುಚ್ಚು ಹತ್ತಿತ್ತು, 4ಕೆ ಇಂಟ್ರೊದಲ್ಲಿ ಕನ್ನಡ ಅಕ್ಷರ ತೋರಿಸುವುದು. ವಿಂಡೋಸ್‌ನಲ್ಲಿ 3ಡಿ ಬಿಡಿಸಲು ಇರುವ ಡಬ್ಲ್ಯುಜಿಎಲ್‌ನ ಫಾಂಟ್ ಔಟ್‌ಲೈನ್ ಒಂದೊಂದೇ ಅಕ್ಷರದ ಕೋಡ್ ತಗೊಂಡು ಬಿಡಿಸುತ್ತದೆ, ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿ. ವಿಂಡೋಸ್‌ನ ಹಳೇ 2ಡಿ ಸೌಲಭ್ಯ ಜಿಡಿಐಯ ಟೆಕ್ಸ್ಟ್‌ಔಟ್‌ನಿಂದ ಬಿಟ್‌ಮ್ಯಾಪ್ ಮೇಲೆ ಬರೆದು ಟೆಕ್ಸ್ಚರ್ (3ಡಿಗೆ ಅಂಟಿಸುವ ಚಿತ್ರ) ಮಾಡಿದರೆ ಒತ್ತು ಸರಿಯಾಗಿ ಕೂರುತ್ತದೆ, ಬೈಟೂ ಕಡಿಮೆ. ಕಾಂಪೊ ಮೆಷಿನ್ನಿನ ವಿಂಡೋಸ್ 10ರಲ್ಲಿ ತುಂಗಾ ಫಾಂಟ್ ತಾನಾಗಿ ಇರಲ್ಲ, ನಿರ್ಮಲಾ ಇರುತ್ತದೆ. ಪ್ರೋಗ್ರಾಂ ಕುಗ್ಗಿಸುವ ಕ್ರಿಂಕ್ಲರ್‌ನಲ್ಲಿ ಹಿಂಡಿದ ಮೇಲೆ ಇಡೀ ಅಕ್ಷರದ ಭಾಗಕ್ಕೆ ನೂರಿಪ್ಪತ್ತು ಬೈಟ್ ಹಿಡಿಯಿತೇನೋ. ನೋಡಿದ ಫಿನ್ನಿಶ್ ಹುಡುಗನೊಬ್ಬ ಗೋಲಗಳ ಬದಲು ಇದನ್ನೇ ಎಸ್‌ಡಿಎಫ್ (ದೂರದ ಲೆಕ್ಕದಿಂದ ಬಿಡಿಸುವ ಆಕಾರ) ಮಾಡು ಅಂತ ಹಿಂದೆ ಬಿದ್ದಿದ್ದಾನೆ.

ಬೆಂಗಳೂರಿನ ಕಾಲೇಜ್ ಫೆಸ್ಟ್‌ನಲ್ಲಿ ಇದನ್ನು ಮಾಡಬಹುದಾ ಅಂತ ಇಬ್ಬರು ಮೂವರು ಕೇಳಿದರು. ಧಾರಾಳವಾಗಿ ಮಾಡಿ. ಎರಡು ಒಂದೇ ತರದ ಮೆಷಿನ್, ಒಂದು ಪ್ರೊಜೆಕ್ಟರ್, ಬಾಸ್ ಇರುವ ಸ್ಪೀಕರ್ ಸಾಕು. ನಮಗೆ ಡೆಮೊದ ಪಾಲಿಗೆ ತಗುಲಿದ ಖರ್ಚು 150 ಯೂರೊ ದಾಟಿಲ್ಲ, ಹಾಲ್ ಬಾಡಿಗೆ ಗೇಮರ್‌ಗಳು ಕಟ್ಟಿಯಾಗಿತ್ತು. ಈ ವರ್ಷದ ಪಟ್ಟಿಯಲ್ಲಿ ಎಂಟು ಹೆಸರಿವೆ, ಐದು ಗೇಮರ್‌ಗಳದ್ದು. ಸಂಗೀತ ಮಾತ್ರ ಮುಂಚೆಯೇ ಕೇಳಿ ಆರಿಸಿ, ಬಾಸ್ ಬಿಡಿಬಿಡಿಯಾಗಿ ಹೊಡೆಯಬೇಕು, ಉದ್ದಕ್ಕೂ ಗುಂಯ್ ಅನ್ನುವ ಹಾಡು ಹಾಕಿದರೆ ಗೋಲ ಉಬ್ಬಿದ್ದು ಉಬ್ಬಿದ ಹಾಗೇ ನಿಲ್ಲುತ್ತದೆ.