ಬ್ರೇಕ್ ಒತ್ತಿದರೆ ಮಂಕಾಗುವ ಹಿಂದಿನ ಲೈಟು

ಕಾರಿನ ಹಿಂದಿನ ಲೈಟುಗಳು ವಿಚಿತ್ರವಾಗಿ ಆಡತೊಡಗಿದರೆ ನನಗೆ ಮೊದಲು ಅನುಮಾನ ಬರುವುದು ಅರ್ಥಿಂಗ್ ಮೇಲೆ, ಅಂದರೆ ದೀಪದಿಂದ ಕರೆಂಟು ಕಾರಿನ ಲೋಹದ ಮೈ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿಯ ಮೇಲೆ. ಬಲ್ಬು ಸುಟ್ಟರೆ ಸಾಮಾನ್ಯವಾಗಿ ಆ ದೀಪ ಆರುತ್ತದೆ, ಅಷ್ಟೇ. ಒಂದು ಸ್ವಿಚ್ ಹಾಕಿದಾಗ ಇನ್ಯಾವುದೋ ದೀಪ ಮಿಣುಕಿದರೆ, ಹೆಚ್ಚಾಗಿ ಕರೆಂಟಿಗೆ ವಾಪಸ್ ಹೋಗಲು ಸರಿಯಾದ ದಾರಿ ಸಿಗುತ್ತಿಲ್ಲ ಅಂತ ಲೆಕ್ಕ.

ನನ್ನ ಕಾರಿನಲ್ಲಿ ಆಗಿದ್ದು ಅದೇ. ಹೆಡ್‌ಲೈಟ್ ಹಾಕಿದಾಗ ಹಿಂದಿನ ಎರಡೂ ಕೆಂಪು ದೀಪ ಚೆನ್ನಾಗೇ ಉರಿಯುತ್ತಿದ್ದವು. ಬ್ರೇಕ್ ಒತ್ತಿದರೆ ಬಲಗಡೆಯದು ಜೋರಾಗುತ್ತಿತ್ತು, ಎಡಗಡೆಯದು ಇದ್ದ ಬೆಳಕನ್ನೂ ಕಳೆದುಕೊಂಡು ಮಂಕಾಗುತ್ತಿತ್ತು. ಎಡಗಡೆ ಇಂಡಿಕೇಟರ್ ಹಾಕಿದರೆ ಅದರ ಜೊತೆಗೇ ಪಕ್ಕದ ಕೆಂಪು ದೀಪವೂ ಮಿಟುಕುತ್ತಿತ್ತು.

ಫ್ಯೂಸನ್ನಾಗಲಿ, ಬ್ರೇಕ್ ಪೆಡಲ್ ಹತ್ತಿರದ ಸ್ವಿಚ್ಚನ್ನಾಗಲಿ ನಾನು ಮುಟ್ಟಲೇ ಇಲ್ಲ. ಬಲಗಡೆ ಬ್ರೇಕ್ ಲೈಟ್ ಬರುತ್ತಿದೆ ಅಂದಮೇಲೆ ಅವು ಸರಿಯಾಗೇ ಇವೆ, ಅಲ್ವಾ? ಬಲ್ಬನ್ನು ಮಾತ್ರ ಬಿಚ್ಚಿ ನೋಡಿದೆ. ನನ್ನ ಕಾರಿನಲ್ಲಿರುವುದು ಒಂದೇ ಬಲ್ಬಿನಲ್ಲಿ ಉರಿಯುವ ತಂತಿ (ಫಿಲಮೆಂಟ್) ಎರಡು ಇರುವ 21/5 ವ್ಯಾಟಿನದು. 5 ವ್ಯಾಟಿನ ತಂತಿ ರಾತ್ರಿ ದೀಪಕ್ಕೆ, 21 ವ್ಯಾಟಿನದು ಬ್ರೇಕಿಗೆ. ಕೆಲವೊಮ್ಮೆ ಒಂದು ತಂತಿ ತುಂಡಾಗಿ ಇನ್ನೊಂದಕ್ಕೆ ಅಂಟಿಕೊಂಡು ಇದೇ ಥರದ ಗೊಂದಲ ಮಾಡುತ್ತದೆ. ಅದಕ್ಕೇ ಎಡಗಡೆಯ ಬಲ್ಬನ್ನು ಬಲಗಡೆ ಹಾಕಿದೆ. ಅಲ್ಲಿ ಸರಿಯಾಗಿ ಉರಿಯಿತು. ಈ ಬಲ್ಬಿನ ಬುಡದಲ್ಲಿರುವ ಎರಡು ಮೊಳೆಗಳು ಒಂದೇ ಎತ್ತರದಲ್ಲಿ ಇರುವುದಿಲ್ಲ, ಉಲ್ಟಾ ಕೂರಬಾರದು ಅಂತಲೇ ಹಾಗೆ ಮಾಡಿರುತ್ತಾರೆ. ಕೂರುತ್ತಿಲ್ಲ ಅಂದರೆ ಬಲವಂತ ಮಾಡಬೇಡಿ, ತಿರುಗಿಸಿ ಹಾಕಿ.

ಮಂಕಾಗುವುದು ಯಾಕೆ? ಒಂದು ಕಡೆಯ ದೀಪಗಳೆಲ್ಲ ಸೇರಿ ಒಂದೇ ಅರ್ಥಿಂಗ್ ವೈರನ್ನು ಹಂಚಿಕೊಂಡಿರುತ್ತವೆ. ಅದು ಎಲ್ಲೋ ಸಡಿಲವಾಗಿದ್ದರೂ 5 ವ್ಯಾಟಿನ ದೀಪಕ್ಕೆ ಬೇಕಾದ ಅರ್ಧ ಆಂಪಿಯರಿಗಿಂತ ಕಡಿಮೆ ಕರೆಂಟು ಹೇಗೋ ನುಸುಳಿಕೊಂಡು ಹೋಗುತ್ತದೆ. 21 ವ್ಯಾಟಿನದಕ್ಕೆ ಸುಮಾರು 1.75 ಆಂಪಿಯರ್ ಬೇಕು. ಅಷ್ಟಕ್ಕೆ ಆ ಸಂದಿನಲ್ಲಿ ಜಾಗ ಇಲ್ಲ. ವೋಲ್ಟೇಜಿನ ಒಳ್ಳೆಯ ಪಾಲು ಅಲ್ಲೇ ಕಳೆದುಹೋಗಿ ಬಲ್ಬಿಗೆ ಸಾಕಷ್ಟು ಉಳಿಯುವುದಿಲ್ಲ. ವಾಪಸ್ ಹೋಗಲು ದಾರಿ ಸಿಗದ ಕರೆಂಟು ಪಕ್ಕದ ತಂತಿಗಳಲ್ಲೂ ನುಗ್ಗುತ್ತದೆ. ಇಂಡಿಕೇಟರಿನ ಜೊತೆ ಕೆಂಪು ದೀಪ ಮಿಟುಕುತ್ತಿದ್ದದ್ದು ಅದಕ್ಕೇ.

ಇಲ್ಲಿ ಮಲ್ಟಿಮೀಟರನ್ನು ಹೇಗೆ ಹಿಡಿಯುತ್ತೀರಿ ಅನ್ನುವುದೇ ಮುಖ್ಯ. ಬಲ್ಬು ತೆಗೆದು, ಖಾಲಿ ಹೋಲ್ಡರಿಗೆ ಮೀಟರ್ ಇಟ್ಟರೆ 12 ವೋಲ್ಟ್ ಚಂದವಾಗಿ ತೋರಿಸುತ್ತದೆ. ಮೀಟರ್ ಎಳೆಯುವ ಕರೆಂಟು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಕಿಲುಬು ಹಿಡಿದ ಜಾಗವೂ ಒಳ್ಳೆಯದರಂತೆ ಕಾಣುತ್ತದೆ. ಬಲ್ಬು ಹಾಕಿ, ಉರಿಸಿಕೊಂಡೇ ಅಳೆಯಬೇಕು.

ಪೆಡಲಿಗೂ ಸೀಟಿಗೂ ನಡುವೆ ಒಂದು ಕೋಲು ಸಿಕ್ಕಿಸಿ ಬ್ರೇಕ್ ಒತ್ತಿ ಹಿಡಿಸಿದೆ. ಮೀಟರಿನ ಕಪ್ಪು ಮೊನೆಯನ್ನು ಡಿಕ್ಕಿಯೊಳಗೆ ಬಣ್ಣ ಇಲ್ಲದ ಬೋಲ್ಟಿಗೆ, ಕೆಂಪು ಮೊನೆಯನ್ನು ಹೋಲ್ಡರಿನ ಅರ್ಥಿಂಗ್ ಪಟ್ಟಿಗೆ ಮುಟ್ಟಿಸಿದೆ. ಸೊನ್ನೆ ಹತ್ತಿರ ಇರಬೇಕು. 0.2 ದಾಟಿದರೇ ನಾನು ಸುಮ್ನಿರುವುದಿಲ್ಲ. ತೋರಿಸಿದ್ದು 4 ವೋಲ್ಟಿಗಿಂತ ಜಾಸ್ತಿ. ಆಮೇಲೆ ಕೆಂಪು ಮೊನೆಯನ್ನು, ಹೋಲ್ಡರಿಗೆ ವೈರುಗಳನ್ನು ಜೋಡಿಸುವ ಕನೆಕ್ಟರಿನ ಹಿಂಭಾಗದಿಂದ, ವೈರು ಒಳಗೆ ಹೋಗುವ ಕಡೆ ತೂರಿಸಿದೆ. ಅಲ್ಲಿ ಸೊನ್ನೆ. ಅಂದರೆ ವೈರು ಸರಿ, ಅದನ್ನು ಕಾರಿನ ಮೈಗೆ ಕಚ್ಚಿದ ಬೋಲ್ಟೂ ಸರಿ. ಕಳ್ಳ ಇರುವುದು ಕನೆಕ್ಟರಿನಲ್ಲಿ.

ಬ್ಯಾಟರಿಯ ನೆಗೆಟಿವ್ ಬಿಚ್ಚಿಟ್ಟು ಕನೆಕ್ಟರನ್ನು ಕಿತ್ತೆ. ಉಳಿದ ಪಿನ್ನುಗಳೆಲ್ಲ ಹೊಳೆಯುತ್ತಿದ್ದವು. ಅರ್ಥಿಂಗ್ ಪಿನ್ ಮಾತ್ರ ಕಂದಾಗಿತ್ತು, ಸುತ್ತಲಿನ ಬಿಳಿ ಪ್ಲಾಸ್ಟಿಕ್ ಕಾದು ಉಬ್ಬಿತ್ತು. ಪಿನ್ನನ್ನು ಹಿಡಿಯುವ ತಗಡಿನ ಕಚ್ಚು ಬಾಯಿ ಬಿಟ್ಟಿತ್ತು. ಹಿಡಿತ ಸಡಿಲವಾದರೆ ಬಿಸಿ, ಬಿಸಿಯಾದರೆ ಹಿಡಿತ ಇನ್ನೂ ಸಡಿಲ.

ಇಂಥ ಕಡೆ ಉಪ್ಪು ಕಾಗದದಲ್ಲಿ ಉಜ್ಜಿ, ಸ್ಪ್ರೇ ಹೊಡೆದು ಮುಚ್ಚುವವರೇ ಜಾಸ್ತಿ. ಬರೀ ಕಿಲುಬಾಗಿದ್ದರೆ ಅದು ಸಾಕು. ಕಾದು ಸ್ಪ್ರಿಂಗ್ ಸತ್ತ ಕಚ್ಚಿಗೆ ಅದರಿಂದ ಏನೂ ಪ್ರಯೋಜನ ಇಲ್ಲ. ವೈರಿನ ತುದಿಯ ಆ ಕಚ್ಚನ್ನು, ಅಂದರೆ ಹಳೆಯ ಟರ್ಮಿನಲನ್ನು, ಕತ್ತರಿಸಿ ಹಾಕಿದೆ. ವೈರಿನ ಒಳಗಿನ ತಾಮ್ರವೂ ಸ್ವಲ್ಪ ದೂರ ಕಪ್ಪಾಗಿತ್ತು, ಕೆಂಪಗೆ ಹೊಳೆಯುವ ತಾಮ್ರ ಸಿಗುವವರೆಗೂ ಕತ್ತರಿಸಿದೆ. ಕಡಿಮೆಯಾದ ಉದ್ದಕ್ಕೆ ಅದೇ ದಪ್ಪದ ವೈರು ಸೇರಿಸಿ, ಹೊಸ ಟರ್ಮಿನಲನ್ನು ಕ್ರಿಂಪ್ ಮಾಡಿದೆ, ಅಂದರೆ ವೈರಿಗೆ ಒತ್ತಿ ಕಚ್ಚಿಸಿದೆ. ಹೋಲ್ಡರ್ ಕಡೆಯ ಪಿನ್ನು ಗಟ್ಟಿಯಾಗಿತ್ತು, ಅದನ್ನು ಉಜ್ಜಿದ್ದೇ ಸಾಕಾಯಿತು. ಪ್ಲಾಸ್ಟಿಕ್ ಕರಗಿ ಆಕಾರವೇ ಕೆಟ್ಟಿದ್ದರೆ ಹೋಲ್ಡರನ್ನೂ ಬದಲಾಯಿಸಬೇಕಾಗುತ್ತಿತ್ತು.

ಮತ್ತೆ ಕೋಲು ಸಿಕ್ಕಿಸಿ ಅಳೆದೆ. 0.05 ವೋಲ್ಟ್. ಬ್ರೇಕ್ ಲೈಟನ್ನು ಸ್ವಲ್ಪ ಹೊತ್ತು ಹಾಗೇ ಉರಿಯಲು ಬಿಟ್ಟು ಕನೆಕ್ಟರನ್ನು ಮುಟ್ಟಿ ನೋಡಿದೆ, ತಣ್ಣಗಿತ್ತು. ಬಲ್ಬನ್ನು ಮಾತ್ರ ಆ ಹೊತ್ತಿನಲ್ಲಿ ಮುಟ್ಟಬೇಡಿ, ಚರ್ಮ ಸುಡುತ್ತದೆ. ಬಲಗಡೆಯ ಕನೆಕ್ಟರನ್ನೂ ಬಿಚ್ಚಿದೆ. ಅಲ್ಲಿಯ ಅರ್ಥಿಂಗ್ ಪಿನ್ನೂ ಆಗಲೇ ಹಳದಿಗೆ ತಿರುಗುತ್ತಿತ್ತು. ಸಾಮಾನು ಹೇಗೂ ಹರಡಿಕೊಂಡಿತ್ತು, ಅದಕ್ಕೂ ಹೊಸ ಟರ್ಮಿನಲ್ ಹಾಕಿ ಮುಗಿಸಿದೆ.