ಲೈವ್ ಲಿನಕ್ಸ್ ಮಾತಾಡದಿದ್ದರೆ ಏನು ಮಾಡಬೇಕು?

"ಅಣ್ಣ, ಪೆನ್‌ಡ್ರೈವ್ ಹಾಕಿ ಆನ್ ಮಾಡಿದೆ. ಫ್ಯಾನ್ ತಿರುಗುವುದು ಕೇಳ್ತದೆ, ಮಾತು ಮಾತ್ರ ಇಲ್ಲ. ಬೇರೆ ಲಿನಕ್ಸ್ ಡೌನ್‌ಲೋಡ್ ಮಾಡ್ಲಾ?" ಬದಿಯಡ್ಕ, ಕುಂಬಳೆ, ಉಪ್ಪಳ ಕಡೆಯಿಂದ ನನಗೆ ಬರುವ ಫೋನುಗಳು ಹೆಚ್ಚಾಗಿ ಹೀಗೇ ಶುರುವಾಗುತ್ತವೆ. ಲಿನಕ್ಸ್ ಅಂದರೆ ವಿಂಡೋಸಿನ ಹಾಗೆ ಕಂಪ್ಯೂಟರ್ ನಡೆಸುವ ವ್ಯವಸ್ಥೆ; ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿನಿಂದಲೇ ಓಡಿಸಿದರೆ ಅದು ಲೈವ್. ಮಾತು ಅಂದರೆ ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ಧ್ವನಿ. ನನ್ನ ಉತ್ತರ ಯಾವಾಗಲೂ ಒಂದೇ. ಬೇಡ. ನಿಮ್ಮ ಲಿನಕ್ಸ್ ಸರಿಯಾಗಿಯೇ ಇರಬಹುದು, ಮಾತು ದಾರಿಯಲ್ಲಿ ಎಲ್ಲೋ ನಿಂತಿದೆ. ಎಲ್ಲಿ ನಿಂತಿದೆ ಎಂದು ಹುಡುಕದೆ ಎರಡು ಮೂರು ಜಿಬಿ ಮತ್ತೆ ಇಳಿಸಿಕೊಂಡರೆ, ಹೊಸದೂ ಅಲ್ಲೇ ನಿಲ್ಲುತ್ತದೆ.

ನನಗೂ ಕಣ್ಣು ಕಾಣುವುದಿಲ್ಲ. ಕೇರಳದ ಸರಕಾರಿ ಶಾಲೆಗಳಿಗೆ ಕೈಟ್ ಎಂಬ ಸರಕಾರದ ಶಿಕ್ಷಣ ತಂತ್ರಜ್ಞಾನ ಸಂಸ್ಥೆ ಕೊಡುವುದು ಉಬುಂಟು ಎಂಬ ಬಗೆಯ ಆಧಾರದ ಲಿನಕ್ಸ್. ಹಾಗಾಗಿ ನಮ್ಮ ಕಾಸರಗೋಡಿನ ಕನ್ನಡ ಶಾಲೆಯ ಮಗುವೂ ಅದರಲ್ಲೇ ಕಲಿಯುತ್ತದೆ. ಆ ಮಗುವಿಗೆ ಕಣ್ಣು ಕಾಣದಿದ್ದರೆ, ಮನೆಯ ಹಳೇ ಲ್ಯಾಪ್‌ಟಾಪಿನಲ್ಲಿ ಏನನ್ನೂ ಅಳಿಸದೆ ಅಭ್ಯಾಸ ಮಾಡಲು ಲೈವ್ ಪೆನ್‌ಡ್ರೈವಿಗಿಂತ ಒಳ್ಳೆಯದು ಇಲ್ಲ. ಆದರೆ ಮೊದಲ ದಿನವೇ ಅದು ಮೂಕವಾದರೆ ಮಗು ಮತ್ತೆ ಹತ್ತಿರ ಬರುವುದಿಲ್ಲ.

ಮೊದಲು ಮಾತು ಬರುವ ದಾರಿ ತಿಳ್ಕೊಳ್ಳಿ. ಪರದೆಯಲ್ಲಿ ಏನಿದೆ ಎಂದು ನೋಡುವುದು ಆರ್ಕಾ ಎಂಬ ಸ್ಕ್ರೀನ್ ರೀಡರ್. ಅದು ಆ ಪಠ್ಯವನ್ನು ಸ್ಪೀಚ್ ಡಿಸ್ಪ್ಯಾಚರ್ ಎಂಬ ಮಧ್ಯವರ್ತಿ ಸಾಫ್ಟ್‌ವೇರಿಗೆ ಕೊಡುತ್ತದೆ. ಅಲ್ಲಿಂದ ಇಸ್ಪೀಕ್ ಎನ್‌ಜಿಗೆ ಹೋಗಿ ಧ್ವನಿಯಾಗುತ್ತದೆ. ಆ ಧ್ವನಿಯನ್ನು ಪೈಪ್‌ವೈರ್, ಹಳೇ ಆವೃತ್ತಿಗಳಲ್ಲಾದರೆ ಪಲ್ಸ್ ಆಡಿಯೋ, ಸೌಂಡ್ ಕಾರ್ಡಿಗೆ ದಾಟಿಸುತ್ತದೆ. ಇದ್ಯಾವುದಕ್ಕೂ ನೆಟ್ ಬೇಕಿಲ್ಲ. ಮಳೆಗಾಲದಲ್ಲಿ ವಾರಗಟ್ಟಲೆ ನೆಟ್ ಸರಿ ಇಲ್ಲದಿದ್ದರೂ ಆರ್ಕಾ ಮಾತಾಡಬೇಕು.

ಹೆಜ್ಜೆ 1. ಕಾಯಿರಿ. ಪೆನ್‌ಡ್ರೈವಿನಿಂದ ಎದ್ದೇಳಲು ಹಳೇ ಲ್ಯಾಪ್‌ಟಾಪಿಗೆ ಮೂರು ನಾಲ್ಕು ನಿಮಿಷ ಬೇಕು.

ಹೆಜ್ಜೆ 2. ವಿಂಡೋಸ್ ಕೀ, ಆಲ್ಟ್, ಎಸ್ ಮೂರನ್ನೂ ಒಟ್ಟಿಗೆ ಒಂದೇ ಒಂದು ಸಲ ಒತ್ತಿ, ಮೂವತ್ತು ಸೆಕೆಂಡ್ ಸುಮ್ನೆ ಕೂತ್ಕೊಳ್ಳಿ. ಎಲ್ಲರೂ ತಪ್ಪುವುದು ಇಲ್ಲೇ. ಈ ಮೂರು ಕೀ ಆರ್ಕಾವನ್ನು ಶುರುವೂ ಮಾಡುತ್ತವೆ, ನಿಲ್ಲಿಸುವುದೂ ಅವೇ. ಮಾತು ಬರಲಿಲ್ಲ ಎಂದು ಅವಸರದಲ್ಲಿ ಮತ್ತೆ ಒತ್ತಿದರೆ, ಆಗಷ್ಟೇ ಏಳುತ್ತಿದ್ದ ಆರ್ಕಾವನ್ನು ನೀವೇ ಮಲಗಿಸಿದ ಹಾಗೆ. ಬರಲೇ ಇಲ್ಲ ಅಂದ್ರೆ ಆಲ್ಟ್ ಮತ್ತು ಎಫ್2 ಒತ್ತಿ (ಆಜ್ಞೆ ಟೈಪ್ ಮಾಡುವ ಪೆಟ್ಟಿಗೆ ತೆರೆಯುತ್ತದೆ), ಓ ಆರ್ ಸಿ ಎ ಎಂದು ಟೈಪ್ ಮಾಡಿ ಎಂಟರ್ ಕೊಡಿ. ಕೆಲವು ಹಗುರ ಡೆಸ್ಕ್‌ಟಾಪ್‌ಗಳಲ್ಲಿ ಆ ಮೂರು ಕೀಗಳ ಏರ್ಪಾಡೇ ಇರುವುದಿಲ್ಲ. ನೋಮ್ ಅಥವಾ ಮಾಟೆ ಎಂಬ ಡೆಸ್ಕ್‌ಟಾಪ್ ಇರುವ ಲಿನಕ್ಸನ್ನೇ ತಗೊಳ್ಳಿ. ಹಳೇ ಯಂತ್ರಕ್ಕೆ ನಾನು ಉಬುಂಟು ಮಾಟೆ ಬಿಟ್ಟು ಬೇರೆ ಕೊಡುವುದಿಲ್ಲ.

ಡೆಬಿಯನ್ ಎಂಬ ಇನ್ನೊಂದು ಬಗೆಯ ಲಿನಕ್ಸ್ ಬಳಸುವವರಿಗೆ ಒಂದು ಎಚ್ಚರಿಕೆ. ಬೂಟ್ ಮೆನುವಿನಲ್ಲಿ ಎಸ್ ಒತ್ತಿ ಎಂಟರ್ ಕೊಟ್ಟರೆ ಮಾತು ಬರುತ್ತದೆ, ನಿಜ. ಆದರೆ ಅಲ್ಲಿ ಮಾತಾಡುವುದು ಇನ್‌ಸ್ಟಾಲರ್, ಲೈವ್ ಡೆಸ್ಕ್‌ಟಾಪ್ ಅಲ್ಲ. ಸುಮ್ನೆ ನೋಡೋಣ ಎಂದು ಹೋದವರು ಅಲ್ಲಿ ಎಂಟರ್ ಮೇಲೆ ಎಂಟರ್ ಕೊಟ್ಟುಕೊಂಡು ಹೋಗಬಾರದು. ಡಿಸ್ಕ್ ಅಳಿಸುವ ಪ್ರಶ್ನೆಯೂ ಅದೇ ಸಾಲಿನಲ್ಲಿ ಬರುತ್ತದೆ.

ಹೆಜ್ಜೆ 3. ಜಾಸ್ತಿ ತಾಳ್ಮೆ ಬೇಕಾಗುವುದು ಇದಕ್ಕೆ. ಆರ್ಕಾವನ್ನು ಸ್ವಲ್ಪ ಹೊತ್ತು ಮರೆತುಬಿಡಿ. ಯಂತ್ರದಿಂದ ಯಾವುದೇ ಶಬ್ದ ಹೊರಗೆ ಬರುತ್ತದಾ ಎಂದು ಮೊದಲು ನೋಡಬೇಕು. ಫೋನಿನಲ್ಲಿ ಹೇಳುವ ಹಾಗೆಯೇ ಬರೆಯುತ್ತೇನೆ, ಒಬ್ಬರು ಓದಲಿ, ಇನ್ನೊಬ್ಬರು ಟೈಪ್ ಮಾಡಲಿ. ಎಲ್ಲವೂ ಇಂಗ್ಲಿಷಿನ ಸಣ್ಣ ಅಕ್ಷರ. ಆಲ್ಟ್ ಎಫ್2 ಒತ್ತಿ. ಸ್ಪೀಕರ್, ಹೈಫನ್, ಟೆಸ್ಟ್. ಸ್ಪೇಸ್. ಹೈಫನ್ ಟಿ, ಸ್ಪೇಸ್, ಡಬ್ಲ್ಯೂ ಎ ವಿ. ಸ್ಪೇಸ್. ಹೈಫನ್ ಸಿ, ಸ್ಪೇಸ್, 2. ಸ್ಪೇಸ್. ಹೈಫನ್ ಎಲ್, ಸ್ಪೇಸ್, 1. ಎಂಟರ್. ಶಬ್ದದ ದಾರಿ ಸರಿ ಇದ್ದರೆ ಒಬ್ಬ ಹೆಂಗಸಿನ ಧ್ವನಿ "ಫ್ರಂಟ್ ಲೆಫ್ಟ್, ಫ್ರಂಟ್ ರೈಟ್" ಎನ್ನುತ್ತದೆ. ಅದು ಕೇಳಿಸಿದರೆ ಸೀದಾ ಹೆಜ್ಜೆ 4ಕ್ಕೆ ಹೋಗಿ.

ಕೇಳಿಸಲಿಲ್ಲವಾ? ಮೊದಲ ಸಂಶಯ ಮ್ಯೂಟ್ ಮೇಲೆ. ಮತ್ತೆ ಆಲ್ಟ್ ಎಫ್2. ಎ ಅಕ್ಷರ, ಅದಕ್ಕೆ ಅಂಟಿಕೊಂಡೇ ಮಿಕ್ಸರ್. ಸ್ಪೇಸ್, ಸೆಟ್. ಸ್ಪೇಸ್, ಮಾಸ್ಟರ್, ಇದರಲ್ಲಿ ಎಂ ಮಾತ್ರ ದೊಡ್ಡಕ್ಷರ. ಸ್ಪೇಸ್, 80, ಅದರ ಹಿಂದೆಯೇ ಶೇಕಡಾ ಚಿಹ್ನೆ. ಸ್ಪೇಸ್, ಅನ್‌ಮ್ಯೂಟ್. ಎಂಟರ್. ಆಮೇಲೆ ಮೇಲಿನ ಪರೀಕ್ಷೆ ಇನ್ನೊಮ್ಮೆ ಮಾಡಿ. ಆಲ್ಸಾಮಿಕ್ಸರ್ ಎಂಬ ಧ್ವನಿ ಹೊಂದಿಸುವ ಪ್ರೋಗ್ರಾಂ ತೆರೆಯಿರಿ ಎಂದು ಯಾರಾದರೂ ಹೇಳಿದರೆ ಕಣ್ಣು ಕಾಣುವವರು ಪಕ್ಕದಲ್ಲಿ ಇದ್ದರೆ ಮಾತ್ರ ಕೇಳಿ. ಅದು ಪರದೆಯಲ್ಲಿ ಕಂಬಗಳನ್ನು ಏರಿಸಿ ಇಳಿಸುವ ಕೆಲಸ, ಮಾತಿಲ್ಲದಾಗ ನಮಗೆ ಪ್ರಯೋಜನವಿಲ್ಲ.

ಎರಡನೇ ಸಂಶಯ ಎಚ್‌ಡಿಎಂಐ ಕೇಬಲ್. ಇದನ್ನು ನಾನು ಕುಂಬಳೆಯ ಒಂದು ಮನೆಯಲ್ಲಿ ಅರ್ಧ ದಿನ ಕೂತು ಕಲಿತೆ. ಆರ್ಕಾ ಬೆಳಗಿನಿಂದ ಮಾತಾಡುತ್ತಲೇ ಇತ್ತು, ಆದರೆ ಧ್ವನಿ ಹೋಗುತ್ತಿದ್ದದ್ದು ಸ್ಪೀಕರೇ ಇಲ್ಲದ ಮಾನಿಟರಿಗೆ! ಲ್ಯಾಪ್‌ಟಾಪಿಗೆ ಟಿವಿ ಅಥವಾ ಮಾನಿಟರ್ ಸಿಕ್ಕಿಸಿದ್ದರೆ ಆ ಕೇಬಲನ್ನು ಮೊದಲು ಎಳೆದುಬಿಡಿ. ಡೆಸ್ಕ್‌ಟಾಪ್ ಆದರೆ ಯುಎಸ್‌ಬಿ ಹೆಡ್‌ಸೆಟ್ ಸಿಕ್ಕಿಸಿ.

ಯುಎಸ್‌ಬಿ ಹೆಡ್‌ಸೆಟ್ ಮೂರನೇ ಸಂಶಯಕ್ಕೂ ಮದ್ದು. ಇಂಟೆಲ್‌ನ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಹಲವಕ್ಕೆ ಸೌಂಡ್ ಎಬ್ಬಿಸಲು ಬೇರೆ ಫರ್ಮ್‌ವೇರ್, ಅಂದರೆ ಆ ಭಾಗವನ್ನು ನಡೆಸುವ ಪುಟ್ಟ ಸಾಫ್ಟ್‌ವೇರ್, ಬೇಕು. ಡೆಬಿಯನ್ ಅಂಥ ಫರ್ಮ್‌ವೇರನ್ನು ತನ್ನ ಅಧಿಕೃತ ಇಮೇಜಿನೊಳಗೆ (ಪೆನ್‌ಡ್ರೈವಿಗೆ ಬರೆಯುವ ಫೈಲಿನೊಳಗೆ) ಸೇರಿಸಿದ್ದು 2023ರ 12ನೇ ಆವೃತ್ತಿಯಿಂದ. ಅದಕ್ಕಿಂತ ಹಳೇ ಪೆನ್‌ಡ್ರೈವ್ ಇಟ್ಟುಕೊಂಡು ಹೊಸ ಲ್ಯಾಪ್‌ಟಾಪಿಗೆ ಹಾಕಿದರೆ ಮೌನವೇ ಗತಿ. ಯುಎಸ್‌ಬಿ ಹೆಡ್‌ಸೆಟ್ಟಿಗೆ ಸಾಮಾನ್ಯವಾಗಿ ಈ ರಗಳೆ ಇಲ್ಲ, ಲಿನಕ್ಸ್ ಅದನ್ನು ತಾನೇ ಗುರುತಿಸುತ್ತದೆ. ಅದರಲ್ಲಿ ಮಾತು ಬಂದರೆ ಮಾತಿನ ಸಾಫ್ಟ್‌ವೇರೆಲ್ಲ ಸರಿ ಇದೆ, ದೋಷ ಒಳಗಿನ ಸೌಂಡ್ ಕಾರ್ಡಿನ ಕಡೆಯದ್ದು ಎಂದು ಒಂದೇ ಏಟಿಗೆ ಗೊತ್ತಾಗುತ್ತದೆ. ಬ್ಲೂಟೂತ್ ಮಾತ್ರ ಬೇಡವೇ ಬೇಡ. ಅದನ್ನು ಜೋಡಿಸಲಿಕ್ಕೇ ಮೊದಲು ಮಾತು ಬೇಕಲ್ವಾ? ದುಂಡು ಪಿನ್ನಿನ ಹೆಡ್‌ಫೋನ್ ಆದರೆ ಯಂತ್ರ ಆನ್ ಮಾಡುವ ಮೊದಲೇ ಸಿಕ್ಕಿಸಿ. ಮಧ್ಯದಲ್ಲಿ ಸಿಕ್ಕಿಸಿದರೆ ಕೆಲವು ಯಂತ್ರಗಳಲ್ಲಿ "ಇದು ಹೆಡ್‌ಫೋನಾ, ಮೈಕಾ" ಎಂದು ಕೇಳುವ ಕಿಟಕಿ ಸದ್ದಿಲ್ಲದೆ ತೆರೆಯುತ್ತದೆ. ಆಮೇಲೆ ನೀವು ಟೈಪ್ ಮಾಡಿದ್ದೆಲ್ಲ ಅದರ ಪಾಲು.

ನೀವು ಎಲ್ಲಿದ್ದೀರಿ ಎಂದೇ ಗೊತ್ತಾಗದಿದ್ದರೆ ಫೋನ್ ತೆಗೀರಿ. ಗೂಗಲ್‌ನ ಲುಕ್‌ಔಟ್ ಆ್ಯಪನ್ನು ಪರದೆಯ ಮುಂದೆ ಹಿಡಿದರೆ ಇಂಗ್ಲಿಷ್ ಅಕ್ಷರಗಳನ್ನು ಓದಿ ಹೇಳುತ್ತದೆ. ಪಕ್ಕದ ಮನೆಯವರನ್ನು ಕರೆಯುವುದಕ್ಕಿಂತ ಇದು ನನಗೆ ಇಷ್ಟ, ಯಾಕೆಂದರೆ ಕಣ್ಣು ಕಾಣುವವರು ಬಂದ ಕೂಡಲೇ ಮೌಸ್ ಹಿಡಿದು ಏನೇನೋ ಒತ್ತಿ ಸರಿ ಮಾಡಿ ಹೋಗುತ್ತಾರೆ. ಏನು ಒತ್ತಿದರು ಎಂದು ನಮಗೆ ತಿಳಿಯುವುದೇ ಇಲ್ಲ.

ಹೆಜ್ಜೆ 4. ಫ್ರಂಟ್ ಲೆಫ್ಟ್ ಕೇಳಿಸಿತು, ಆರ್ಕಾ ಮಾತ್ರ ಇಲ್ಲ. ಈಗ ಆಲ್ಟ್ ಎಫ್2, ಎಸ್ ಪಿ ಡಿ, ಹೈಫನ್, ಎಸ್ ಎ ವೈ, ಸ್ಪೇಸ್, ಹಲೋ. ಎಂಟರ್. "ಹಲೋ" ಕೇಳಿಸದಿದ್ದರೆ ಸ್ಪೀಚ್ ಡಿಸ್ಪ್ಯಾಚರ್ ಸಿಕ್ಕಿಹಾಕಿಕೊಂಡಿದೆ ಎಂದು ಅರ್ಥ. ಮತ್ತೆ ಆಲ್ಟ್ ಎಫ್2 ಒತ್ತಿ, ಕಿಲ್‌ಆಲ್ ಎಂದು ಒಂದೇ ಪದವಾಗಿ, ಸ್ಪೇಸ್, ಸ್ಪೀಚ್, ಹೈಫನ್, ಡಿಸ್ಪ್ಯಾಚರ್ ಎಂದು ಕೊಟ್ಟು ಅದನ್ನು ನಿಲ್ಲಿಸಿ. ಇನ್ನೊಮ್ಮೆ ಹಲೋ ಹೇಳಿಸಿದಾಗ ತಾನಾಗಿಯೇ ಹೊಸದಾಗಿ ಏಳುತ್ತದೆ.

"ಹಲೋ" ಕೇಳಿಸಿದರೆ ಉಳಿದದ್ದು ಆರ್ಕಾ ಒಂದೇ. ಇನ್ಸರ್ಟ್ ಮತ್ತು ಎಸ್ ಒತ್ತಿ ನೋಡಿ, ಲ್ಯಾಪ್‌ಟಾಪ್ ಜೋಡಣೆ ಇದ್ದರೆ ಇನ್ಸರ್ಟ್ ಬದಲು ಕ್ಯಾಪ್ಸ್ ಲಾಕ್. ಅದು ಮಾತು ನಿಲ್ಲಿಸುವ, ಮತ್ತೆ ಬರಿಸುವ ಕೀ. ಮಕ್ಕಳ ಕೈ ತಾಗಿ ಎಷ್ಟೋ ಸಲ ಹೀಗೆ ಮಾತು ನಿಂತಿರುತ್ತದೆ. ಆಗಲೂ ಬರದಿದ್ದರೆ ಆಲ್ಟ್ ಎಫ್2ನಲ್ಲಿ ಓ ಆರ್ ಸಿ ಎ, ಸ್ಪೇಸ್, ಎರಡು ಹೈಫನ್, ಅಂಟಿಕೊಂಡು ರಿಪ್ಲೇಸ್. ಸುಡೋ (ರೂಟ್ ಎಂಬ ಮುಖ್ಯ ಬಳಕೆದಾರನ ಅಧಿಕಾರ ಕೊಡುವ ಆಜ್ಞೆ) ಹಾಕಿ ಆರ್ಕಾ ಓಡಿಸಬೇಡಿ. ಧ್ವನಿಯ ವ್ಯವಸ್ಥೆ ನಡೆಯುವುದು ನಿಮ್ಮ ಬಳಕೆದಾರ ಹೆಸರಿನಲ್ಲಿ, ರೂಟ್ ಹೆಸರಿನಲ್ಲಿ ಅಲ್ಲ.

ಲೈವ್ ವ್ಯವಸ್ಥೆ ರೀಸ್ಟಾರ್ಟ್ ಆದಾಗ ಇದೆಲ್ಲವನ್ನೂ ಮರೆಯುತ್ತದೆ. ರೂಫಸ್ ಎಂಬ ಪ್ರೋಗ್ರಾಂನಲ್ಲಿ ಉಬುಂಟು ಪೆನ್‌ಡ್ರೈವ್ ಮಾಡುವಾಗಲೇ ಪರ್ಸಿಸ್ಟೆಂಟ್ ಜಾಗ, ಅಂದರೆ ನೆನಪಿಟ್ಟುಕೊಳ್ಳುವ ಜಾಗ, ಕೊಟ್ಟುಬಿಡಿ, ನೀವು ಮಾಡಿದ ಆಯ್ಕೆಗಳು ಉಳಿಯುತ್ತವೆ.

ಕೊನೆಗೆ ಕನ್ನಡ. ಇಂಗ್ಲಿಷ್ ಚೆನ್ನಾಗಿ ಓದಿ ಕನ್ನಡ ಪುಟದಲ್ಲಿ ತಡವರಿಸಿದರೆ ಅದು ಶಬ್ದದ ದೋಷ ಅಲ್ಲ. ಇನ್ಸರ್ಟ್ ಸ್ಪೇಸ್ ಒತ್ತಿ ಆರ್ಕಾದ ಆಯ್ಕೆಗಳಿಗೆ ಹೋಗಿ ಧ್ವನಿಯ ಭಾಷೆ ಬದಲಿಸಿ. ಕನ್ನಡ ಇದೆಯಾ ಎಂದು ನೋಡಲು ಕನ್ನಡದಲ್ಲಿ ಟೈಪ್ ಮಾಡಬೇಕಾಗಿಯೂ ಇಲ್ಲ. ಆಲ್ಟ್ ಎಫ್2 ಒತ್ತಿ, ಎಸ್ ಪಿ ಡಿ ಹೈಫನ್ ಎಸ್ ಎ ವೈ, ಸ್ಪೇಸ್, ಹೈಫನ್ ಎಲ್, ಸ್ಪೇಸ್, ಕೆ ಎನ್, ಸ್ಪೇಸ್, 25 ಎಂದು ಕೊಡಿ. ಕೆ ಎನ್ ಜಾಗಕ್ಕೆ ಎಂ ಎಲ್ ಹಾಕಿದರೆ ಮಲಯಾಳ, ನಮ್ಮ ಮಕ್ಕಳಿಗೆ ಎರಡೂ ಬೇಕು. ಇಸ್ಪೀಕ್‌ನ ಧ್ವನಿ ಯಂತ್ರದ ಧ್ವನಿಯೇ, ಒಂದು ವಾರದಲ್ಲಿ ಕಿವಿಗೆ ಹೊಂದಿಕೊಳ್ಳುತ್ತದೆ. ಅದು "ಇಪ್ಪತ್ತೈದು" ಎಂದಿತಾ? ಹಾಗಾದರೆ ಯಂತ್ರವನ್ನು ಮಗುವಿನ ಕೈಗೆ ಕೊಡಿ.